ಬಾಸ್ ರಾಡಲ್ಲಿ ಕೊರಮೀನು: ಮಂಡ್ಯದ ಕೆರೆಗೆ ನಾನು ಗಾಳದ ಸಾಮಾನು ಹೊಂದಿಸಿಕೊಂಡ ಅನುಭವ

ಯೂಟ್ಯೂಬಲ್ಲಿ ಬಾಸ್ ಮೀನು ಹಿಡಿಯೋ ವಿಡಿಯೋ ನೋಡಿ ರಾಡ್, ಅಂದ್ರೆ ಗಾಳದ ಕೋಲು, ಆರ್ಡರ್ ಮಾಡೋಕೆ ಹೊರಟಿರೋ ಹುಡುಗ್ರು ನಮ್ಮ ಕಡೆ ಈಗ ಜಾಸ್ತಿ ಆಗಿದಾರೆ, ಬಂದು ಕೇಳೋದು ಒಂದೇ, ಅಣ್ಣ ದಾರ ಸುತ್ತೋ ರೀಲ್ ಯಾವುದು ತಗೊಳ್ಲಿ ಅಂತ. ರೀಲ್ ಆಮೇಲೆ ನೋಡೋಣ ಬುಡಪ್ಪ, ನೀನು ಹೋಗೋ ಕೆರೇಲಿ ಜೊಂಡು ಎಷ್ಟಿದೆ ಅದನ್ನ ಹೇಳು ಅಂತೀನಿ ನಾನು.

ಯಾಕಂದ್ರೆ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಮದ್ದೂರು ಪಾಂಡವಪುರದ ಕೆರೆಗಳಲ್ಲಿ ಎಲ್ಲಿ ಬರಬೇಕು. ಆ ಕೆಲಸ ಇಲ್ಲಿ ಮಾಡೋದು ಕೊರಮೀನು. ಅದೂ ಜೊಂಡಿನ ಸಂದೀಲಿ, ತಾವರೆ ಎಲೆ ಕೆಳಗೆ ಹೊಂಚು ಹಾಕ್ಕೊಂಡು ಕೂತು ಒಂದೇ ಸಲ ನುಗ್ಗಿ ಬಾಯಿ ಹಾಕುತ್ತೆ, ಅದಕ್ಕೇ ಬಾಸ್‌ಗೆ ಅಂತ ಮಾಡಿರೋ ಸಾಮಾನು ಇದಕ್ಕೂ ಆಗುತ್ತೆ. ಬಾಸ್‌ನ ವಿಶ್ವದಾಖಲೆ 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿದ 22 ಪೌಂಡ್ 4 ಔನ್ಸ್ ಮೀನು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮ ಇನ್ನೊಂದು ಸಿಕ್ತು, ಅಂದ್ರೆ ಸುಮಾರು ಹತ್ತು ಕೆಜಿ. ಆದ್ರೂ ಬಾಸ್ ಹಿಡಿಯೋರು ಕಪ್ಪೆ ಲ್ಯೂರ್ (ಎರೆ ಬದಲು ಹಾಕೋ ನಕಲಿ ಕಪ್ಪೆ) ಹಾಕೋವಾಗ 50, 65 ಪೌಂಡ್ ಭಾರ ತಡೆಯೋ ಬ್ರೇಡ್, ಅಂದ್ರೆ ಹೆಣೆದ ದಾರ, ಕಟ್ಟೋದು ಯಾಕೆ? ಮೀನಿನ ತೂಕಕ್ಕಲ್ಲ ಕಣ್ರೀ, ಮೀನಿನ ಜೊತೆ ಎದ್ದು ಬರೋ ಸೊಪ್ಪಿನ ತೂಕಕ್ಕೆ.

ನಾನು ಇಟ್ಕೊಂಡಿರೋದು ಏಳಡಿ ರಾಡ್, ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್. ಪವರ್ ಅಂದ್ರೆ ಕೋಲು ಎಷ್ಟು ಗಟ್ಟಿ ಅಂತ. ಫಾಸ್ಟ್ ಅಂದ್ರೆ ತುದಿ ಮಾತ್ರ ಬಗ್ಗುತ್ತೆ, ಕೆಳಗಡೆ ಗಟ್ಟಿ, ಎಳೆದ ತಕ್ಷಣ ಗಾಳ ನಾಟುತ್ತೆ. ಅಂಗಡೀಲಿ ರಾಡ್ ಬಗ್ಗಿಸಿ ಬಗ್ಗಿಸಿ ನೋಡೋ ಬದಲು ಹಿಡಿ ಹತ್ರ ಸಣ್ಣಕ್ಷರದಲ್ಲಿ ಪ್ರಿಂಟ್ ಆಗಿರೋದನ್ನ ಓದಿ, ಎಷ್ಟು ಗ್ರಾಂ ಲ್ಯೂರ್ ಎಸೀಬಹುದು ಅಂತ ಅಲ್ಲೇ ಇರುತ್ತೆ. ನಮ್ಮ ಕಪ್ಪೆಗಳು ಹತ್ತರಿಂದ ಹದಿನೈದು ಗ್ರಾಂ ಅಷ್ಟೇ, 30 ಗ್ರಾಂ ಮೇಲಿನ ಲ್ಯೂರ್‌ಗೆ ಅಂತ ಮಾಡಿರೋ ರಾಡ್ ತಗೊಂಡ್ರೆ ತುದಿ ಬಗ್ಗೋದೇ ಇಲ್ಲ, ಕಪ್ಪೆ ಕಾಲ ಬುಡದಲ್ಲೇ ಬೀಳುತ್ತೆ. ಹಾಗೇ ರಾಡ್ ಮೇಲೆ ದಾರ ಹಾಯೋ ಗೈಡ್ ರಿಂಗ್ ಒಳಗೆ ಹತ್ತಿ ಆಡಿಸಿ ನೋಡಿ, ಎಳೆ ಸಿಕ್ಕಾಕ್ಕೊಂಡ್ರೆ ರಿಂಗ್ ಒಡೆದಿದೆ ಅಂತ ಅರ್ಥ, ಬ್ರೇಡ್ ಅಲ್ಲೇ ಕುಯ್ದುಹೋಗುತ್ತೆ.

ರೀಲ್‌ಗೆ 3000 ಸೈಜಿನ ಸ್ಪಿನ್ನಿಂಗ್, ಅಂದ್ರೆ ರಾಡ್ ಕೆಳಗೆ ನೇತಾಡೋದು, ಸಾಕು. ಬೇಟ್‌ಕಾಸ್ಟರ್, ಅಂದ್ರೆ ರಾಡ್ ಮೇಲೆ ಕೂರೋ ರೀಲ್, ನೋಡೋಕೆ ಸ್ಟೈಲು, ಗುರಿನೂ ಚೆನ್ನಾಗಿ ಕೂರುತ್ತೆ, ಆದ್ರೆ ಹೆಬ್ಬೆರಳು ಪಳಗೋ ತನಕ ದಾರ ಗಂಟು ಬಿಡಿಸೋದೇ ಕೆಲಸ, ಸಂಜೆ ಡ್ಯೂಟಿ ಮುಗಿಸಿ ಒಂದು ಗಂಟೆ ಕೆರೆಗೆ ಹೋಗೋನಿಗೆ ಯಾಕೆ ಬೇಕು. ನನ್ನ ಸ್ಪಿನ್ನಿಂಗ್ ರೀಲ್‌ಗೆ ನಾನು ಹಾಕಿರೋದು 40 ಪೌಂಡ್ ಬ್ರೇಡ್, ತೀರಾ ದಟ್ಟ ಜೊಂಡಿದ್ರೆ ಇನ್ನೊಂದು ಸ್ಪೂಲಲ್ಲಿ (ರೀಲ್‌ನ ದಾರದ ಉರುಳೆ) 50. ತಂಗೂಸಿ ಹಿಗ್ಗುತ್ತೆ, ದೂರದಲ್ಲಿ ಮೀನು ಕಚ್ಚಿದಾಗ ಎಳೆದ ಎಳೆತ ಅರ್ಧ ಅದರಲ್ಲೇ ಹೋಗುತ್ತೆ. ಬ್ರೇಡ್ ಹಿಗ್ಗಲ್ಲ, ನೀರ ಮೇಲೆ ತೇಲುತ್ತೆ, ಕಪ್ಪೆ ಮೂತಿ ಮುಳುಗಲ್ಲ. ತಂಗೂಸಿ ಬೇಡ್ವೇ ಬೇಡ ಅಂತಲ್ಲ, ಸ್ಪೂಲ್‌ಗೆ ಮೊದಲು ನಾಲ್ಕು ಸುತ್ತು ಅದನ್ನೇ ಸುತ್ತಿ ಮೇಲೆ ಬ್ರೇಡ್ ಹಾಕ್ಬೇಕು, ಇಲ್ಲಾಂದ್ರೆ ಬ್ರೇಡ್ ಪೂರ್ತಿ ಸ್ಪೂಲ್ ಮೇಲೆ ಜಾರ್ತಾ ಇರುತ್ತೆ, ನಾವು ಡ್ರ್ಯಾಗ್ (ಮೀನು ಎಳೆದಾಗ ದಾರ ಹಿಡಿದು ಬಿಡೋ ಬ್ರೇಕ್) ಕೆಟ್ಟಿದೆ ಅಂದ್ಕೊಂಡು ಬಿಗಿ ಮಾಡ್ತಾ ಕೂರ್ತೀವಿ.

ಕಪ್ಪೆ ಅಂದ್ರೆ ಟೊಳ್ಳು ರಬ್ಬರ್‌ದು, ಎರಡು ಗಾಳ ಬೆನ್ನಿಗೆ ಅಂಟ್ಕೊಂಡು ಮೇಲ್ಮುಖ ಇರೋದ್ರಿಂದ ಸೊಪ್ಪಿಗೆ ಸಿಕ್ಕಾಕ್ಕೊಳಲ್ಲ. ಕೊರಮೀನು ಗಾಳಿ ಉಸಿರಾಡೋ ಮೀನು, ಆಗಾಗ ಮೇಲೆ ಬಂದು ಬುಳಕ್ ಅಂತ ಗುಟುಕು ಗಾಳಿ ತಗೊಂಡು ಹೋಗುತ್ತೆ. ಏರಿ ಮೇಲೆ ಸುಮ್ನೆ ಕೂತು ಆ ಸದ್ದು ಎಲ್ಲಿ ಅಂತ ನೋಡ್ಕೊಂಡು, ಅದನ್ನ ದಾಟಿ ಎರಡು ಮಾರು ಆಚೆ ಎಸೆದು, ಆ ಜಾಗದ ಮೇಲೆ ಕುಪ್ಪಳಿಸ್ಕೊಂಡು ಬರೋ ಥರ ತರ್ಬೇಕು. ನೀರು ಒಡೆದ ತಕ್ಷಣ ಎಳೀಬೇಡಿ. ದಾರ ಬಿಗಿ ಆಗಿ ಕೈಗೆ ಭಾರ ಸಿಗೋ ತನಕ ತಡ್ಕೊಂಡು, ಆಮೇಲೆ ರಾಡ್ ಮೇಲಕ್ಕೆ ಎತ್ತಿ ಹೊಡೀರಿ, ನಿಲ್ಲಿಸದೆ ಸುತ್ತಿ, ಒಂದು ಸಲ ತಲೆ ಕೆಳಗೆ ಹಾಕಿ ಜೊಂಡಿನ ಬೇರಿಗೆ ಸುತ್ಕೊಳ್ತು ಅಂದ್ರೆ ಮುಗೀತು. ಮೀನು ಕಚ್ಚಿ ಬಿಟ್ಟ ಕಪ್ಪೇನ ಒಂದ್ಸಲ ಹಿಸುಕಿ, ಒಳಗೆ ನೀರು ತುಂಬಿರುತ್ತೆ, ಹಂಗೇ ಎಸೆದ್ರೆ ಮುಳುಗುತ್ತೆ.

ತೊಣ್ಣೂರು ಕೆರೆ ಥರ ತಿಳಿನೀರಿಗೆ ಈ ಲೆಕ್ಕ ಬೇರೆ. ಅಂಥ ಕಡೆ ದಪ್ಪ ಬ್ರೇಡ್ ಮೀನಿಗೇ ಕಾಣುತ್ತೆ, ಸಣ್ಣ ಬ್ರೇಡ್‌ಗೆ ಒಂದು ಮಾರು ಫ್ಲೋರೋಕಾರ್ಬನ್ (ನೀರಲ್ಲಿ ಅಷ್ಟಾಗಿ ಕಾಣದ ದಾರ) ಕಟ್ಟಿ ಸ್ಪಿನ್ನರ್ (ಗಿರಗಿರ ತಿರುಗೋ ತಗಡಿನ ಲ್ಯೂರ್) ಹಾಕೋದೇ ವಾಸಿ.

ಮಳೆಗಾಲದಲ್ಲಿ ನೀರ ಮೇಲೆ ಕೆಂಪಗೆ ಮರಿ ಗುಂಪು ಕುದಿಯೋ ಥರ ಕಂಡ್ರೆ ಅಲ್ಲಿ ಎಸೀಬೇಡಿ. ಅಪ್ಪ ಅಮ್ಮ ಎರಡೂ ಕೆಳಗೇ ಕಾವಲಿರ್ತವೆ, ಕಪ್ಪೆ ಬಿದ್ರೆ ಸಿಟ್ಟಿಗೆ ಹೊಡೀತವೆ, ಸಿಗೋದು ಸುಲಭ, ಆದ್ರೆ ದೊಡ್ಡದು ಹೋದ ಮೇಲೆ ಮರೀನ ಬೇರೆ ಮೀನು ತಿಂದು ಮುಗಿಸ್ತವೆ. ಕೆರೆ ಗುತ್ತಿಗೆ ಹಿಡಿದಿರೋರನ್ನ ಮೊದಲೇ ಕೇಳ್ಕೊಳ್ಳಿ, ಮೀನು ಬಿಟ್ಟಿರೋರು ಅವರು. ರಂಗನತಿಟ್ಟು ಕಡೆ ರಾಡ್ ಹಿಡ್ಕೊಂಡು ಹೋಗೋ ಯೋಚನೆನೇ ಬೇಡ, ಅದು ಪಕ್ಷಿಧಾಮ. ಮತ್ತೆ ಬ್ಯಾಗಲ್ಲಿ ಉದ್ದ ಮೂತಿಯ ಪ್ಲೈಯರ್ ಇರ್ಲಿ, ಕೊರಮೀನಿಗೆ ಹಲ್ಲಿದೆ, ಬಾಸ್ ವಿಡಿಯೋದಲ್ಲಿ ಮಾಡೋ ಥರ ಬಾಯೊಳಗೆ ಹೆಬ್ಬೆರಳು ಹಾಕಿ ಎತ್ತೋಕೆ ಹೋಗ್ಬೇಡಿ.