ವರ್ಗಾವಣೆ ದುಡ್ಡಿನ ಟ್ಯಾಕ್ಸ್ ವಾಪಸ್ ಬಂತು: ನನ್ನ ಅನುಭವ

2024ರ ಮಳೆಗಾಲದಲ್ಲಿ ಕಂಪನಿ ನನ್ನನ್ನು ಮೈಸೂರಿನಿಂದ ಪುಣೆಗೆ ವರ್ಗ ಮಾಡಿತು. ಒಂದು ಲಕ್ಷ ರಿಲೊಕೇಶನ್ ಅಲೊವೆನ್ಸ್ ಅಂದರು. ಮೂವತ್ತು ಪರ್ಸೆಂಟ್ ಸ್ಲ್ಯಾಬು, ಮೇಲೆ ಸೆಸ್ಸು ಕಳೆದು ಕೈಗೆ ಬಂದದ್ದು 68 ಸಾವಿರ ಚಿಲ್ಲರೆ. ಕೇಳಿದ್ದಕ್ಕೆ ಪೇರೋಲ್‌ನವರು, "ನ್ಯೂ ರೆಜಿಮ್‌ನಲ್ಲಿ (ದರ ಕಡಿಮೆ, ವಿನಾಯಿತಿಯೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿ) ಏನೂ ಸಿಗಲ್ಲ ಸರ್" ಎಂದರು. ಪರಿಚಯದ ಸಿಎ, "ಸುಮ್ನೆ ನೋಟಿಸ್ ಬರಿಸಿಕೋಬೇಡಿ" ಎಂದರು. ಕೊನೆಗೆ ರಿಟರ್ನ್‌ನಲ್ಲಿ ಈ ದುಡ್ಡಿಗೆ ತೆರಿಗೆ ವಿನಾಯಿತಿ ಬೇಕು ಅಂತ ನಾನೇ ಕ್ಲೇಮ್ ಹಾಕಿದೆ. ಹತ್ತೊಂಬತ್ತು ಸಾವಿರದ ಹತ್ತಿರ ವಾಪಸ್ ಬಂತು. ಈಗ ಅದೇ ಪೇರೋಲ್‌ನವರು ವರ್ಗವಾದವರನ್ನು ನನ್ನ ಹತ್ತಿರ ಕಳಿಸುತ್ತಾರೆ.

ನ್ಯೂ ರೆಜಿಮ್‌ನಲ್ಲಿ ಮನೆ ಬಾಡಿಗೆಯ ಎಚ್‌ಆರ್‌ಎ, ಉಳಿತಾಯದ 80ಸಿ ವಿನಾಯಿತಿ ಹೋದವು ಅಂತ ಎಲ್ಲವೂ ಹೋಯಿತು ಅಂದುಕೊಂಡವರೇ ಜಾಸ್ತಿ. ಆಗ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14)ರ ಕೆಳಗೆ, ರೂಲ್ 2ಬಿಬಿಯಲ್ಲಿ, ವರ್ಗಾವಣೆಯ ಪ್ರಯಾಣ, ಸಾಮಾನಿನ ಪ್ಯಾಕಿಂಗ್ ಮತ್ತು ಸಾಗಣೆಗೆ ಕೊಟ್ಟ ಅಲೊವೆನ್ಸ್‌ನ ವಿನಾಯಿತಿ ನ್ಯೂ ರೆಜಿಮ್‌ನಲ್ಲೂ ಉಳಿದಿತ್ತು. ಆದರೆ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ. ಕಂಪನಿ ಏನೂ ಕೊಡದೆ ಪೂರ್ತಿ ನೀವೇ ಹಾಕಿಕೊಂಡಿದ್ದರೆ ಸೊನ್ನೆ. ಕೆಲಸ ಬಿಟ್ಟು ಬೇರೆ ಕಂಪನಿಗೆ ಹಾರಿದವರು ಇದನ್ನು ವರ್ಗಾವಣೆ ಅಂತ ತೋರಿಸುವ ಸಾಹಸಕ್ಕೆ ಇಳಿಯದಿದ್ದರೆ ಒಳ್ಳೆಯದು.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಪೇಸ್ಲಿಪ್. ಅದರಲ್ಲಿ ಈ ದುಡ್ಡು "ಸ್ಪೆಷಲ್ ಅಲೊವೆನ್ಸ್" ಅಂತ ಬಿದ್ದಿತ್ತು. ವರ್ಗಾವಣೆಗೇ ಕೊಟ್ಟದ್ದು ಅಂತ ಕಾಗದದಲ್ಲಿ ಇಲ್ಲದಿದ್ದರೆ ಎಷ್ಟು ಬಿಲ್ ಇದ್ದರೂ ನಿಲ್ಲೋದು ಕಷ್ಟ. ಎಚ್‌ಆರ್‌ಗೆ ಮೇಲ್ ಮೇಲೆ ಮೇಲ್ ಹಾಕಿದೆ. "ಫಾರ್ಮ್ಯಾಟ್ ಇಲ್ಲ" ಅಂದರು. ಕೊನೆಗೆ ನಾನೇ ಎರಡು ಸಾಲು ಬರೆದು ಕಳಿಸಿದೆ, ಅದಕ್ಕೇ ಲೆಟರ್‌ಹೆಡ್ ಹಾಕಿ ಕೊಟ್ಟರು. ಆ ಎರಡು ಸಾಲು ಏನು ಅಂತ ಇಲ್ಲಿ ಬರೆಯೋದಿಲ್ಲ, ಅಷ್ಟು ಗುಟ್ಟು ನನಗಿರಲಿ.

ಇನ್ನು ಲಾರಿ. ಬಿಲ್ ಇಲ್ಲದೆ ಮೂವತ್ತೆಂಟು, ಜಿಎಸ್‌ಟಿ ಬಿಲ್ ಸಮೇತ ನಲವತ್ತೇಳೋ ನಲವತ್ತೆಂಟೋ ಸಾವಿರ ಕೇಳಿದರು. ಹತ್ತು ಸಾವಿರ ಉಳಿಯುತ್ತಲ್ಲ ಅಂತ ಮನೆಯಲ್ಲಿ ಜಗಳ. ಲೆಕ್ಕ ಹಾಕಿ ನೋಡಿ: ಬಿಲ್ ಇದ್ದರೆ ಟ್ಯಾಕ್ಸ್‌ನಲ್ಲಿ ಉಳಿಯೋದೇ ಹದಿನೈದು ಸಾವಿರ. ಅವರು ಮೊದಲು ಕೊಟ್ಟ ಬಿಲ್‌ನಲ್ಲಿ "ಶಿಫ್ಟಿಂಗ್ ಚಾರ್ಜಸ್" ಅಂತ ಒಂದೇ ಸಾಲು ಇತ್ತು. ಪ್ಯಾಕಿಂಗ್, ಲೋಡಿಂಗ್, ಸಾಗಣೆ, ಇನ್ಶೂರೆನ್ಸ್ ಬೇರೆ ಬೇರೆ ಬರೆಸಿ, ಎಲ್‌ಆರ್ (ಲಾರಿಯವರು ಕೊಡುವ ಸಾಗಣೆ ರಸೀದಿ) ಕಾಪಿ ಇಸ್ಕೊಂಡೆ. ಪೇಮೆಂಟ್ ಬ್ಯಾಂಕ್‌ನಿಂದಲೇ ಮಾಡಿದೆ.

ಬೈಕ್ ಮಾತ್ರ ಲಾರಿಗೆ ಹಾಕಲಿಲ್ಲ. ರೈಲ್ವೆ ಪಾರ್ಸೆಲ್ ಹೇಗಿರುತ್ತೆ ನೋಡೋಣ ಅಂತ ಹೊರಟೆ. ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಗೋಣಿ ಸುತ್ತಿಸಿ, ಆರ್‌ಸಿ ಜೆರಾಕ್ಸ್ ಕೊಟ್ಟೆ. ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ. ಇಂಡಿಕೇಟರ್ ಒಂದು ಮುರಿದು ಬಂತು, ರಸೀದಿ ಮಾತ್ರ ಚಿನ್ನದಂಥದ್ದು. ನಮ್ಮೆಲ್ಲರ ಟಿಕೆಟ್, ಟ್ಯಾಕ್ಸಿ ಹತ್ತು ಸಾವಿರ. ಎಲ್ಲ ಕೂಡಿಸಿ ಸುಮಾರು 62 ಸಾವಿರ ಆಯಿತು. ಬ್ರೋಕರ್ ತಿಂದ ಒಂದು ತಿಂಗಳ ಬಾಡಿಗೆ, ಸ್ಕೂಲ್ ಅಡ್ಮಿಶನ್ ಇದರಲ್ಲಿ ಸೇರಿಸಲಿಲ್ಲ. ಅವು ಪ್ಯಾಕಿಂಗೂ ಅಲ್ಲ, ಸಾಗಣೆಯೂ ಅಲ್ಲ, ಅಲ್ವಾ? ಅಂದಹಾಗೆ, ವರ್ಗವಾದಾಗ ಕಂಪನಿಯೇ ಹೋಟೆಲ್ ಹಾಕಿಕೊಟ್ಟರೆ 15 ದಿನದವರೆಗೆ ಅದಕ್ಕೆ ಪರ್ಕ್ವಿಸಿಟ್ ಟ್ಯಾಕ್ಸ್ (ಕಂಪನಿ ಕೊಡುವ ಸೌಲಭ್ಯದ ಮೇಲಿನ ತೆರಿಗೆ) ಇಲ್ಲ. ಇದು ಗೊತ್ತಿದ್ದದ್ದರಿಂದ ಮೊದಲ ವಾರ ಹೋಟೆಲ್ ಕೇಳಿಯೇ ತೆಗೆದುಕೊಂಡೆ.

ಆ ವರ್ಷದ ರಿಟರ್ನ್‌ಗೆ 2025ರ ಸೆಪ್ಟೆಂಬರ್‌ವರೆಗೆ ಟೈಮ್ ಕೊಟ್ಟಿದ್ದರು. ಆ ಫಾರ್ಮ್‌ನ ಎಕ್ಸೆಂಪ್ಟ್ (ತೆರಿಗೆ ಇಲ್ಲದ) ಅಲೊವೆನ್ಸ್ ಪಟ್ಟಿಯಲ್ಲಿ 10(14) ಒಂದಕ್ಕಿಂತ ಹೆಚ್ಚು ಕಡೆ ಇತ್ತು. ನ್ಯೂ ರೆಜಿಮ್‌ನವರು ರೂಲ್ 2ಬಿಬಿ, (ಎ)ಯಿಂದ (ಸಿ) ಅಂತ ಇದ್ದದ್ದನ್ನೇ ಆರಿಸಬೇಕಿತ್ತು. ರಿಟರ್ನ್ ಜೊತೆ ಕಾಗದ ಲಗತ್ತಿಸೋ ಹಾಗಿಲ್ಲ, ಫೈಲ್ ಮಾಡಿ ಇಟ್ಟುಕೊಳ್ಳಿ. ಫಾರ್ಮ್ 16ಕ್ಕೂ (ಸಂಬಳ, ಕಡಿದ ತೆರಿಗೆಯ ವಿವರವಿರುವ ಕಂಪನಿಯ ಸರ್ಟಿಫಿಕೇಟು) ನನ್ನ ಲೆಕ್ಕಕ್ಕೂ ತಾಳೆ ಇಲ್ಲ ಅಂತ ತೆರಿಗೆ ಇಲಾಖೆಯಿಂದ ಒಂದು ಮೇಲ್ ಬಂತು. ಸಿಎ ಫೋನ್ ಮಾಡಿ "ನೋಡಿದ್ರಾ?" ಅಂದರು. ಒಪ್ಪಲ್ಲ ಅಂತ ಕಾರಣ ಸಮೇತ ಉತ್ತರ ಹಾಕಿದೆ. ಕೆಲವು ವಾರ ಬಿಟ್ಟು ರಿಫಂಡ್ ಪೂರ್ತಿ ಬಂತು. ಬಡ್ಡಿ ಮಾತ್ರ ಇಲ್ಲ. ರಿಫಂಡ್ ಒಟ್ಟು ತೆರಿಗೆಯ ಹತ್ತು ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಬಡ್ಡಿ ಕೊಡೋದಿಲ್ಲವಂತೆ, ಅದನ್ನು ಹೇಳಿದ್ದೂ ಸಿಎಯೇ, ಸ್ವಲ್ಪ ಖುಷಿಯಲ್ಲೇ.