ವಾರ್ಡ್ ಸದಸ್ಯರ ಬ್ಲಾಗ್: ನೀರಿನ ಪುಟದಿಂದ ಕೈಹಿಡಿದ ಕೆಲಸ

"ಫೇಸ್‌ಬುಕ್ ಇರುವಾಗ ಬ್ಲಾಗ್ ಯಾರು ನೋಡ್ತಾರೆ?" 2019ರಲ್ಲಿ ನಮ್ಮ ವಾರ್ಡಿನ ಪುರಸಭೆ ಸದಸ್ಯರಿಗೆ ಒಂದು ಬ್ಲಾಗ್ ಮಾಡಿಕೊಡಲು ಹೊರಟಾಗ ಈ ಮಾತನ್ನು ನನಗೆ ಹೇಳದವರೇ ಇರಲಿಲ್ಲ. ಸದಸ್ಯರ ಮನೆಯವರು ಹೇಳಿದರು. ಪಕ್ಕದ ವಾರ್ಡಿನವರು ಹೇಳಿದರು. ಇದೇ ಕೆಲಸ ಮಾಡುವ ದಾವಣಗೆರೆಯ ಗೆಳೆಯನೂ ಹೇಳಿದ. ಈಗ ಅದೇ ಗೆಳೆಯ ಫೋನ್ ಮಾಡಿ "ಹೆಂಗೆ ಮಾಡಿದೆ, ಒಂಚೂರು ಹೇಳು" ಅನ್ನುತ್ತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವರ್ಡ್‌ಪ್ರೆಸ್ (ಸೈಟ್ ನಡೆಸುವ ತಂತ್ರಾಂಶ) ಹಾಕುವುದು, ಡೊಮೈನ್ (ಸೈಟಿನ ಹೆಸರು) ಜೋಡಿಸುವುದು, ಚೈಲ್ಡ್ ಥೀಮ್ (ಥೀಮ್ ಅಂದರೆ ಸೈಟಿನ ವಿನ್ಯಾಸ, ಅದರ ಮೂಲ ಮುಟ್ಟದೆ ನಮ್ಮ ಬದಲಾವಣೆ ಬೇರೆ ಇಡುವುದು) ಮಾಡುವುದು ಈ ಕೆಲಸ ಮಾಡುವ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು, ನಾನು ಎಡವಿದ ಜಾಗ ಮತ್ತು ದುಡ್ಡು ಹೋದ ಜಾಗ ಹೇಳುತ್ತೇನೆ.

ನಮ್ಮದು ಮಧ್ಯ ಕರ್ನಾಟಕದ ಒಂದು ಪುರಸಭೆ ಊರು. ಬಸ್ ಸ್ಟ್ಯಾಂಡ್ ಹಿಂದೆ ನನ್ನ ಡಿಟಿಪಿ, ಜೆರಾಕ್ಸ್ ಅಂಗಡಿ. ವಾರ್ಡಿನ ಸದಸ್ಯೆ ನಮ್ಮ ಬೀದಿಯವರೇ. ನಾನು ಅಕ್ಕ ಅಂತಲೇ ಕರೆಯುವುದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆಗಳಿಗೆ ಚುನಾವಣೆ ಆಯಿತಲ್ಲ, ಆಗ ಗೆದ್ದವರು. ಗೆದ್ದದ್ದಷ್ಟೇ ಬಂತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವಿಷಯ ಕೋರ್ಟಿಗೆ ಹೋಗಿ, 2020ರ ಕೊನೆಯ ತನಕ ಆಡಳಿತಾಧಿಕಾರಿಯದೇ ಕಾರುಬಾರು. ಸದಸ್ಯರ ಕೈಯಲ್ಲಿ ಅಧಿಕಾರ ಇಲ್ಲ, ಆದರೆ ಬೆಳಗಾದರೆ ಮನೆ ಮುಂದೆ ಜನ. ನೀರು ಬಂದಿಲ್ಲ, ಚರಂಡಿ ಕಟ್ಟಿದೆ, ಕಂಬದ ಲೈಟ್ ಉರೀತಿಲ್ಲ. ಅಕ್ಕ ಎಲ್ಲವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಾರೀಕು, ಬೀದಿ, ಏನು ತೊಂದರೆ, ಯಾವಾಗ ಸರಿಹೋಯಿತು. ಸರಿಹೋದದ್ದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ. ಆ ನೋಟ್‌ಬುಕ್ ನೋಡಿದ ದಿನವೇ ನನಗೆ ಅನ್ನಿಸಿತ್ತು, ಬ್ಲಾಗ್ ಮಾಡಿದರೆ ಇದನ್ನೇ ಮಾಡಬೇಕು ಅಂತ.

ಆದರೆ ಮೊದಲು ಮಾಡಿದ್ದು ಅದನ್ನಲ್ಲ. ಎಲ್ಲರೂ ಮಾಡುವುದನ್ನೇ ಮಾಡಿದೆ. ಗೂಗಲ್‌ನ ಬ್ಲಾಗರ್‌ನಲ್ಲಿ ಪುಕ್ಕಟೆ ಖಾತೆ ತೆರೆದೆ. ಮೇಲೆ ಕೈ ಮುಗಿದ ದೊಡ್ಡ ಫೋಟೋ, ಹಬ್ಬಕ್ಕೆ ಶುಭಾಶಯ, ಹಾರ ತುರಾಯಿ. ಆರು ತಿಂಗಳಲ್ಲಿ ನಲವತ್ತು ಪೋಸ್ಟ್ ಹಾಕಿರಬಹುದು. ದಿನಕ್ಕೆ ಹತ್ತು ಜನ ನೋಡಿದರೆ ಜಾಸ್ತಿ. ಜೊತೆಗೆ ಪೋಸ್ಟಿನ ವಿಳಾಸದ (ಲಿಂಕಿನ) ಕಾಟ. ಬ್ಲಾಗರ್ ಕನ್ನಡ ಶೀರ್ಷಿಕೆಯನ್ನು ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲಕ್ಕೂ ಬ್ಲಾಗ್ ಪೋಸ್ಟ್ ಅಂತಲೇ, ಕೊನೆಗೊಂದು ನಂಬರ್ ಅಂಟಿಸಿ ಹೆಸರಿಡುತ್ತದೆ. ಎರಡು ತಿಂಗಳ ನಂತರ ಯಾವುದು ಚರಂಡಿ, ಯಾವುದು ದೀಪಾವಳಿ ಅಂತ ಹುಡುಕುವುದೇ ಕಷ್ಟ.

2021ರ ಶುರುವಿನಲ್ಲಿ ವರ್ಡ್‌ಪ್ರೆಸ್‌ಗೆ ಬಂದೆ. ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ, ನೀವು ಮಾಡಬೇಡಿ. ನಾಲ್ಕು ಸಾವಿರದ ಥೀಮ್ ಒಂದು ಕಡೆ ಬಿಟ್ಟಿ ಸಿಗುತ್ತಿದೆ ಅಂತ ಯಾರೋ ಕಳಿಸಿದ ಜಿಪ್ ಫೈಲ್ ಹಾಕಿಬಿಟ್ಟೆ. ಮೂರು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬರು ಗೂಗಲ್‌ನಲ್ಲಿ ಅಕ್ಕನ ಹೆಸರು ಹುಡುಕಿದರೆ, ಕೆಳಗೆ ಜೂಜಿನ ಸೈಟಿನ ಸಾಲುಗಳು! ಥೀಮಿನ ಫುಟರ್ (ಪುಟದ ತಳಭಾಗ) ಒಳಗೆ ಗೂಢಲಿಪಿಯಲ್ಲಿ ಲಿಂಕ್ ತುರುಕಿದ್ದರು. ಜನಪ್ರತಿನಿಧಿಯ ಹೆಸರಲ್ಲಿ ಅಂಥದ್ದು ಬಂದರೆ ಏನಾಗುತ್ತದೆ ಯೋಚಿಸಿ. ಅವತ್ತು ರಾತ್ರಿಯೇ ಎಲ್ಲ ಅಳಿಸಿ ಮೊದಲಿಂದ ಹಾಕಿದೆ. ಅಕ್ಕ ಬೈಯಲಿಲ್ಲ. "ಆಯ್ತು ಬಿಡಪ್ಪ, ಇನ್ಮೇಲೆ ದುಡ್ಡು ಕೊಟ್ಟೇ ತಗೋ" ಅಂದರು ಅಷ್ಟೇ. ಈಗ ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮಿಗೆ ಚೈಲ್ಡ್ ಥೀಮ್ ಮಾಡಿ ನಡೆಸುತ್ತಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲ. ಆ ನಾಲ್ಕು ಸಾವಿರದ ಥೀಮಿಗಿಂತ ಬೇಗ ತೆರೆದುಕೊಳ್ಳುತ್ತದೆ.

ಇನ್ನು ಕನ್ನಡದ ಕೆಲಸ. ಬೇರೆ ಭಾಷೆಯವರಿಗಾಗಿ ಮಾಡಿದ ಥೀಮಿನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ತೀರಾ ಕಡಿಮೆ ಇರುತ್ತದೆ. "ರಸ್ತೆ", "ದೊಡ್ಡಕಟ್ಟೆ" ಅಂತ ಬರೆದರೆ ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ಗುದ್ದುತ್ತದೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ನಾನು ಸಾಲಿನ ಎತ್ತರವನ್ನು ಶೀರ್ಷಿಕೆಗೆ ಅಕ್ಷರದ ಗಾತ್ರದ 1.5 ಪಟ್ಟು, ಒಳಗಿನ ಬರಹಕ್ಕೆ 1.75 ಪಟ್ಟು ಇಟ್ಟೆ. ಅಕ್ಷರಗಳ ನಡುವಿನ ಅಂತರ ಎಲ್ಲೆಲ್ಲಿ ಕೊಟ್ಟಿದ್ದರೋ ಅಲ್ಲೆಲ್ಲ ಸೊನ್ನೆ ಮಾಡಿದೆ. ಬರಹಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ ಫಾಂಟ್. ಹುಬ್ಬಳ್ಳಿ ಅನ್ನುವ ಫಾಂಟ್ ನನಗೆ ತುಂಬಾ ಇಷ್ಟ, ಅದನ್ನೂ ಒಂದು ವಾರ ಹಾಕಿ ನೋಡಿದೆ. ವಯಸ್ಸಾದವರು "ಅಕ್ಷರ ತೆಳ್ಳಗಾಯ್ತು" ಅಂದರು, ತೆಗೆದೆ.

ವಿಳಾಸದ ಸಮಸ್ಯೆ ಇಲ್ಲಿ ಉಲ್ಟಾ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನು ವಿಳಾಸಕ್ಕೆ ತೆಗೆದುಕೊಳ್ಳುತ್ತದೆ ನಿಜ. ಆದರೆ ಒಂದೊಂದು ಅಕ್ಷರವೂ ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರವಾಗುತ್ತದೆ. ಡೇಟಾಬೇಸಿನಲ್ಲಿ ವಿಳಾಸಕ್ಕೆ ಇರುವ ಜಾಗ 200 ಅಕ್ಷರ. ಅಂದರೆ ಇಪ್ಪತ್ತೆರಡು ಕನ್ನಡ ಅಕ್ಷರ, ಅದರಲ್ಲೂ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ವಾಟ್ಸಾಪ್‌ಗೆ ಕಳಿಸಿದರೆ ಮೂರು ಸಾಲು ಕಸ ಬಂದಂತೆ ಕಾಣುತ್ತದೆ. ಯಾರೂ ಒತ್ತುವುದಿಲ್ಲ. ನಾನು ವಿಳಾಸಕ್ಕೆ ದೂರಿನ ನಂಬರ್ ಮಾತ್ರ ಇಟ್ಟೆ. ನೋಟ್‌ಬುಕ್ಕಿನಲ್ಲಿ ಅಕ್ಕ ಬರೆದ ನಂಬರೇ ವಿಳಾಸ. ಜನ ಫೋನಿನಲ್ಲಿ "212 ಏನಾಯ್ತಕ್ಕಾ?" ಅಂತ ಕೇಳುವಷ್ಟು ಅದು ಬಾಯಿಗೆ ಬಂತು.

ನಡವಳಿ ಹಾಕುವುದರಲ್ಲಿ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಪುರಸಭೆಯ ಸಾಮಾನ್ಯ ಸಭೆಯ ನಡವಳಿಯಲ್ಲಿ ನಮ್ಮ ವಾರ್ಡಿಗೆ ಸಂಬಂಧಿಸಿದ ಠರಾವುಗಳನ್ನು ಹಾಕಬೇಕು ಅಂತ ಅಕ್ಕನ ಹಟ. ಸಿಗುವ ಫೈಲೆಲ್ಲ ಹಳೇ ನುಡಿ ಫಾಂಟಿನವು. ಯುನಿಕೋಡ್‌ಗೆ (ಎಲ್ಲ ಮೊಬೈಲ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಬದಲಿಸಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ. "ಅರ್ಜಿ" ಹೋಗಿ "ಅಜಿರ್", "ಕಾರ್ಯ" ಹೋಗಿ "ಕಾಯರ್". ಕಣ್ಣಿಗೆ ಕಂಡರೆ ತಿದ್ದಬಹುದು. ಆದರೆ "ವಾರ್ಡ್" ಅಂತ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಅಲ್ವಾ? ಮೊದಲ ನಡವಳಿ ಹದಿನೆಂಟು ಪುಟ, ಕೈಯಲ್ಲಿ ತಿದ್ದಲು ನಾಲ್ಕು ರಾತ್ರಿ ಹಿಡಿಯಿತು. ಆಮೇಲೆ ಒಂದು ಬದಲಿ ಪಟ್ಟಿ ಮಾಡಿಕೊಂಡೆ. ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಕೊನೆಗೆ ಅನ್ನುವ ಕ್ರಮದಲ್ಲೇ ಎಲ್ಲ ಇದೆ. ಈಗ ಅದೇ ಹದಿನೆಂಟು ಪುಟ ಇಪ್ಪತ್ತು ನಿಮಿಷ. ಆ ಪಟ್ಟಿ ಮಾತ್ರ ಕೊಡಲಾರೆ, ಅದರಿಂದಲೇ ನನ್ನ ಅಂಗಡಿಗೆ ನಾಲ್ಕು ಕಾಸು ಬರುತ್ತಿದೆ.

ಇನ್ನೊಂದು, "ಪೈಪ್‌ಲೈನ್". ಇದನ್ನು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಮೊಬೈಲಿನಲ್ಲಿ ಹುಡುಕುವವರು ಅದಿಲ್ಲದೆ "ಪೈಪ್ಲೈನ್" ಅಂತ ಒತ್ತುತ್ತಾರೆ. ಎರಡೂ ಹೊಂದುವುದಿಲ್ಲ. ಹುಡುಕುವಾಗ ಎರಡೂ ಕಡೆಯಿಂದ ಆ ಅಕ್ಷರ ತೆಗೆದು ನೋಡುವಂತೆ ಏಳೆಂಟು ಸಾಲಿನ ಕೋಡ್ ಸೇರಿಸಿದೆ. ಚಿಕ್ಕ ಕೆಲಸ, ಆದರೆ ಹುಡುಕಾಟ ಸರಿಯಾದದ್ದು ಅದರಿಂದಲೇ.

ಇಷ್ಟೆಲ್ಲ ಮಾಡಿದ ಮೇಲೂ ಜನ ಬರಲಿಲ್ಲ. ದಿನಕ್ಕೆ ಮೂವತ್ತು, ನಲವತ್ತು. ಜನ ಬಂದದ್ದು ನೀರಿನ ಪುಟದಿಂದ.

ನಮ್ಮಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ. ವಾರ್ಡಿಗೆ ಮೂರು ವಾಲ್ವ್, ಮೂರಕ್ಕೂ ಬೇರೆ ಬೇರೆ ಹೊತ್ತು. ಕರೆಂಟ್ ಹೋದರೆ, ಮೋಟಾರ್ ಸುಟ್ಟರೆ ಎಲ್ಲ ಏರುಪೇರು. ಹೆಂಗಸರು ನಿದ್ದೆಗೆಟ್ಟು ಕಾಯುತ್ತಿದ್ದರು. ನಾನು ಮುಖಪುಟದಿಂದ ಅಕ್ಕನ ದೊಡ್ಡ ಫೋಟೋ ತೆಗೆದು, ಆ ಜಾಗದಲ್ಲಿ ಮೂರು ಸಾಲು ಹಾಕಿದೆ. "ಕೆಳಗಿನ ಬೀದಿ: ಇಂದು ಬೆಳಗ್ಗೆ 6ಕ್ಕೆ. ಗುಡಿ ಹಿಂದೆ: ನಾಳೆ. ಹೊಸ ಬಡಾವಣೆ: ಮೋಟಾರ್ ರಿಪೇರಿ, ಸಂಜೆ ತಿಳಿಸುತ್ತೇವೆ." ಫೋಟೋ ತೆಗೆದದ್ದಕ್ಕೆ ಅವರ ಮನೆಯಲ್ಲಿ ಸ್ವಲ್ಪ ಬೇಸರವಾಯಿತು. ಅಕ್ಕ ಮಾತ್ರ "ನನ್ನ ಮುಖ ದಿನಾ ನೋಡ್ತಾರೆ, ನೀರು ಎಲ್ಲಿ ದಿನಾ ನೋಡ್ತಾರೆ, ಹಾಕು" ಅಂದರು.

ಅಕ್ಕನ ಮೊಬೈಲಿಗೆ ದೊಡ್ಡ ಗುಂಡಿಗಳಿರುವ ಒಂದು ಪುಟ ಮಾಡಿಕೊಟ್ಟೆ. ಬೀದಿ ಒತ್ತು, ಹೊತ್ತು ಒತ್ತು, ಮುಗಿಯಿತು. ಟೈಪ್ ಮಾಡುವುದೇ ಬೇಡ. ವಾಲ್ವ್ ಬಿಡುವ ನೀರಗಂಟಿಗಳಿಂದ ಹಿಂದಿನ ರಾತ್ರಿಯೇ ಸುದ್ದಿ ತಪ್ಪದೆ ಬರುವಂತೆ ಹೇಗೆ ಮಾಡಿದೆವು ಅನ್ನುವುದು ನಮ್ಮ ಊರಿನ ಗುಟ್ಟು, ನಿಮ್ಮ ಊರಿನದು ನೀವೇ ಕಂಡುಕೊಳ್ಳಿ.

ಮೊದಲ ವಾರವೇ ಎಡವಟ್ಟಾಯಿತು. ಸೈಟ್ ವೇಗವಾಗಲಿ ಅಂತ ಕ್ಯಾಶ್ ಪ್ಲಗಿನ್ (ಪುಟದ ಪ್ರತಿಯನ್ನು ಮೊದಲೇ ಎತ್ತಿಟ್ಟು ತೋರಿಸುವ ಸೇರ್ಪಡೆ) ಹಾಕಿದ್ದೆ. ಅದು ನಿನ್ನೆಯ ನೀರನ್ನೇ ಇವತ್ತೂ ತೋರಿಸಿತು. ಬೆಳಗ್ಗೆ ಆರಕ್ಕೆ ಗುಡಿ ಹಿಂದಿನ ಬೀದಿಯ ಇಪ್ಪತ್ತು ಮನೆಯವರು ಕೊಡ, ಡ್ರಮ್ ಇಟ್ಟುಕೊಂಡು ಕಾದಿದ್ದಾರೆ. ನಲ್ಲಿಯಲ್ಲಿ ಬರೀ ಗಾಳಿ. ಆರೂವರೆಗೆ ಒಬ್ಬ ಅಜ್ಜಿ ನಮ್ಮ ಮನೆ ಬಾಗಿಲು ಬಡಿದು ಕೇಳಿದ್ದು ನನಗೆ ಈಗಲೂ ನೆನಪಿದೆ. "ಮಗಾ, ನಿನ್ನ ಫೋನಿನಾಗೆ ನೀರು ಬಂದೈತೆ, ನಮ್ಮ ನಲ್ಲಿಯಾಗೆ ಬಂದಿಲ್ಲ." ಅವತ್ತೇ ಆ ಮೂರು ಸಾಲನ್ನು ಕ್ಯಾಶ್‌ನಿಂದ ಹೊರಗಿಟ್ಟೆ. ಕೆಳಗೆ "ತಿದ್ದಿದ ಹೊತ್ತು" ಅಂತ ಗಂಟೆ, ನಿಮಿಷ ಸೇರಿಸಿದೆ. ಹನ್ನೆರಡು ಗಂಟೆ ತಿದ್ದದೇ ಇದ್ದರೆ ಸಾಲು ತಾನೇ ಬೂದು ಬಣ್ಣಕ್ಕೆ ತಿರುಗಿ "ಮಾಹಿತಿ ಹಳೆಯದು" ಅಂತ ತೋರಿಸುತ್ತದೆ. ಜನ ನಂಬಿದ್ದು ಅದಾದ ಮೇಲೆ. ಎರಡು ತಿಂಗಳಲ್ಲಿ ನೋಡುವವರ ಸಂಖ್ಯೆ ದಿನಕ್ಕೆ ಆರುನೂರರ ಹತ್ತಿರ ಹೋಯಿತು. ವಾರ್ಡಿನಲ್ಲಿರುವುದೇ ಸುಮಾರು ಐನೂರು ಮನೆ!

ನೀರು ನೋಡಲು ಬಂದವರು ಕೆಳಗಿನ ದೂರುಗಳನ್ನೂ ನೋಡತೊಡಗಿದರು. ಒಂದು ದೂರಿಗೆ ಒಂದು ಪುಟ. ಮೂರೇ ಹಂತ: ಬಂದಿದೆ, ಕಚೇರಿಗೆ ಕೊಟ್ಟಿದೆ, ಆಗಿದೆ. ಕೊಟ್ಟಿದ್ದಕ್ಕೆ ಟಪಾಲಿನ ಸೀಲ್ ಬಿದ್ದ ಪ್ರತಿಯ ಫೋಟೋ. ಶುರುವಿನಲ್ಲಿ ದೂರು ಕೊಟ್ಟವರ ಹೆಸರೂ ಹಾಕುತ್ತಿದ್ದೆ, ಅದರಿಂದ ಎರಡು ಮನೆಗೆ ಜಗಳ ಹತ್ತಿ ಅಕ್ಕ ಹೋಗಿ ಸಮಾಧಾನ ಮಾಡಬೇಕಾಯಿತು. ಈಗ ಬೀದಿ, ಕಂಬದ ನಂಬರ್ ಅಷ್ಟೇ. ದೂರು ತೆಗೆದುಕೊಳ್ಳಲು ಫಾರಂ ಇಟ್ಟಿದ್ದೆ, ಒಂದು ವರ್ಷದಲ್ಲಿ ಹನ್ನೊಂದು ಬಂದವು. ತೆಗೆದು ವಾಟ್ಸಾಪ್ ಗುಂಡಿ ಇಟ್ಟೆ. ಜನ ವಾಯ್ಸ್ ಕಳಿಸುತ್ತಾರೆ, ನಾನು ಅಂಗಡಿಯಲ್ಲಿ ಕೂತು ಬರೆದು ಹಾಕುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕನ್ನಡದಲ್ಲೇ ಚುಕ್ಕಿ ಭಾರತ ಅಂತ ಮುಗಿಯುವ ವಿಳಾಸ ತೆಗೆದುಕೊಳ್ಳುವ ಆಸೆ ಬಹಳ ಇತ್ತು. ಆದರೆ ಕೆಲವು ಕಡೆ ಅದನ್ನು ಅಂಟಿಸಿದರೆ ಎಕ್ಸ್ ಎನ್ ಅಂತ ಶುರುವಾಗುವ ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಹಾಗಾಗಿ ಕೈಬಿಟ್ಟೆ. ಕ್ಯೂಆರ್ ಸ್ಟಿಕ್ಕರ್ ಮಾಡಿಸಿ ಅರಳಿಕಟ್ಟೆ, ನ್ಯಾಯಬೆಲೆ ಅಂಗಡಿ, ಹಾಲಿನ ಬೂತಿಗೆ ಅಂಟಿಸಿದೆ. ಐವತ್ತಕ್ಕೆ ಒಂಬೈನೂರು ರೂಪಾಯಿ. ಬೇಸಿಗೆ ಮುಗಿಯುವುದರೊಳಗೆ ಬಿಸಿಲಿಗೆ ಬೆಳ್ಳಗಾದವು. ಹಾಲಿನ ಬೂತಿನ ಒಳಗಿದ್ದದ್ದು ಮಾತ್ರ ಇನ್ನೂ ಇದೆ, ಅತಿ ಹೆಚ್ಚು ಜನ ಬರುವುದೂ ಅಲ್ಲಿಂದಲೇ. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾದಾಗ ಸೈಟಿಗೆ ಇನ್ನೊಂದು ಗುಂಡಿ ಸೇರಿಸಿದೆ. ಅದನ್ನು ಒತ್ತಿದರೆ ಭೂಮಿಪೂಜೆ ಫೋಟೋ, ಪಕ್ಷದ ಬಣ್ಣ ಎಲ್ಲ ಮರೆಯಾಗಿ ನೀರು, ದೂರು ಮಾತ್ರ ಉಳಿಯುತ್ತದೆ. ಯಾರೂ ಕೇಳಿರಲಿಲ್ಲ, ಆದರೂ ನೀತಿಸಂಹಿತೆ ವಿಷಯದಲ್ಲಿ ಹುಷಾರಾಗಿರುವುದು ಒಳ್ಳೆಯದು.

ಅನುಮಾನ ಪಟ್ಟವರ ಬಾಯಿ ಕಟ್ಟಿದ್ದು ಒಂದು ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ. ಗುಡಿ ಹಿಂದೆ ಹಾಕಿದ್ದ ರಸ್ತೆ ಐದಾರು ತಿಂಗಳಿಗೇ ಜೆಲ್ಲಿ ಎದ್ದು ಬಂತು. ಗುತ್ತಿಗೆದಾರರು, ನೀರಿನ ಪೈಪಿಗೆ ಅಗೆದಿದ್ದಕ್ಕೆ ಹಾಳಾಯಿತು, ನಮ್ಮ ತಪ್ಪಲ್ಲ ಅಂದರು. ನಮ್ಮಲ್ಲಿ ರಸ್ತೆ ಹಾಕಿದ ದಿನದ ಫೋಟೋ ಇತ್ತು. ಮೊದಲ ಬಿರುಕಿನ ಫೋಟೋ ಇತ್ತು, ಪಕ್ಕದಲ್ಲಿ ಅಳತೆಗೆ ಅಕ್ಕನ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್. ಪೈಪಿಗೆ ಅಗೆದ ದಿನದ ದೂರೂ ಇತ್ತು. ಅಗೆತ ಆದದ್ದು ಬಿರುಕಿನ ನಂತರ, ಹೆಚ್ಚುಕಮ್ಮಿ ಐದು ವಾರ ಆದ ಮೇಲೆ. ಅಕ್ಕ ಸಭೆಯಲ್ಲಿ ಮೊಬೈಲ್ ತೆಗೆದು ಮೂರು ಪುಟವನ್ನೂ ತೋರಿಸಿದರು. ಇಂಜಿನಿಯರ್ ಬಂದು ನೋಡಿದರು. ಗ್ಯಾರಂಟಿ ಅವಧಿ ಇನ್ನೂ ಮುಗಿದಿರಲಿಲ್ಲ. ನಲವತ್ತು ಅಡಿ ಕಿತ್ತು ಹೊಸದಾಗಿ ಹಾಕಿಕೊಟ್ಟರು. ಫೇಸ್‌ಬುಕ್‌ನಲ್ಲಿ ಹಾಕಿದ್ದರೆ ಆ ಮೂರು ಫೋಟೋ ಹುಡುಕಿ ಒಟ್ಟಿಗೆ ಇಡುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಡೊಮೈನ್ ಮೊದಲ ವರ್ಷ ನೂರರ ಒಳಗೆ, ಆಮೇಲೆ ವರ್ಷಕ್ಕೆ ಏಳೆಂಟು ನೂರು. ಆಫರ್ ನೋಡಿ ಬಜೆಟ್ ಹೇಳಬೇಡಿ, ನವೀಕರಣದ ದರ ನೋಡಿ ಹೇಳಿ. ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ) ಮೂರು ವರ್ಷಕ್ಕೆ ಸುಮಾರು ಆರೂವರೆ ಸಾವಿರ. ಬೇಡದ ಪ್ಲಗಿನ್, ಸ್ಟಿಕ್ಕರ್, ಓಡಾಟಕ್ಕೆ ನಾಲ್ಕು ಸಾವಿರ ದಂಡ. ನಾನು ತಿಂಗಳಿಗೆ ಐನೂರು ತೆಗೆದುಕೊಳ್ಳುತ್ತಿದ್ದೆ, ಮೊದಲ ವರ್ಷ ಅದನ್ನೂ ತೆಗೆದುಕೊಳ್ಳಲಿಲ್ಲ. ರಸ್ತೆಯ ಸುದ್ದಿ ಹರಡಿದ ಮೇಲೆ ಬೇರೆ ವಾರ್ಡಿನ ಮೂವರು, ಪಕ್ಕದ ತಾಲ್ಲೂಕಿನ ಒಬ್ಬರು ಮಾಡಿಸಿಕೊಂಡರು, ತಲಾ ಎಂಟು ಸಾವಿರ. ಅದರಲ್ಲಿ ಇಬ್ಬರದು ಚೆನ್ನಾಗಿ ನಡೆಯುತ್ತಿದೆ. ಉಳಿದ ಇಬ್ಬರದು ನಿಂತಿದೆ, ಅಲ್ಲಿ ನೋಟ್‌ಬುಕ್ ಬರೆಯುವವರು ಇಲ್ಲ.

ಡೊಮೈನಿಗೆ ವಾರ್ಡ್ ನಂಬರ್ ಇಡಬೇಡಿ, ಪುನರ್ವಿಂಗಡಣೆಯಾದರೆ ನಂಬರ್ ಬದಲಾಗುತ್ತದೆ. ಸದಸ್ಯರ ಹೆಸರೂ ಬೇಡ ಅಂತ ನನ್ನ ಅಭಿಪ್ರಾಯ. ನಾವು ಬೀದಿಯ ಹೆಸರು ಇಟ್ಟೆವು. ಅಕ್ಕನ ಅವಧಿ ಮುಗಿಯುತ್ತಾ ಬಂದಾಗ ನವೀಕರಣದ ಮೆಸೇಜ್ ಬಂತು. "ಒಂದು ವರ್ಷಕ್ಕೆ ಕಟ್ಟಲಾ ಅಕ್ಕಾ?" ಅಂತ ಕೇಳಿದೆ. "ಮೂರು ವರ್ಷಕ್ಕೆ ಕಟ್ಟು. ನಾನಿರಲಿ ಬಿಡಲಿ, ನೀರು ಬರೋ ಹೊತ್ತು ಜನಕ್ಕೆ ಗೊತ್ತಾಗಬೇಕಲ್ಲ" ಅಂದರು. ಕಟ್ಟಿದ್ದೇನೆ. ದೂರಿನ ನಂಬರ್ ಈಗ 740 ದಾಟಿದೆ.