ಇಲಿ ಕಡಿದ ಕಾರಿನ ವೈರು: ಮತ್ತೆ ಬಿಡದ ಹಾಗೆ ಕೂಡಿಸುವುದು ಹೇಗೆ?

ತಿಪಟೂರು ಸೀಮೆಯಲ್ಲಿ ಕೊಬ್ಬರಿ ಅಟ್ಟ ಇರುವ ಮನೆಗೆ ಇಲಿ ಬಾರದೆ ಇರುವುದಿಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗಬೇಕು. ಕಾರು ನಿಲ್ಲುವುದು ಅದೇ ಅಟ್ಟದ ಕೆಳಗೆ. ರಾತ್ರಿ ಬಾನೆಟ್ ಒಳಗಿನ ಬಿಸಿಗೆ ಸೇರಿಕೊಂಡ ಇಲಿ ಬೆಳಗಾಗುವಷ್ಟರಲ್ಲಿ ನಾಲ್ಕು ವೈರು ಕಡಿದಿರುತ್ತದೆ.

ನಮ್ಮ ಚಿಕ್ಕಪ್ಪನ ಕಾರಿಗೂ ಹೀಗೇ ಆಯಿತು. ಒಂದು ಅಂಗಡಿಯಲ್ಲಿ ಹೆಡ್‌ಲೈಟಿನ ವೈರುಗಳನ್ನು ಹೊಸೆದು, ಟೇಪು ಸುತ್ತಿ ಕಳಿಸಿದರು. ಅದೇ ಮಳೆಗಾಲದ ಒಂದು ರಾತ್ರಿ ತುಮಕೂರಿನಿಂದ ಬರುತ್ತಿದ್ದೆವು. ನಿಟ್ಟೂರು ದಾಟಿ ಕೆ.ಬಿ. ಕ್ರಾಸ್ ಬರುವುದರೊಳಗೆ ಎಡಗಡೆ ಲೈಟು ಮಂಕಾಗಿ, ಆಮೇಲೆ ಆರಿಯೇ ಹೋಯಿತು. ಮರುದಿನ ನಾನೇ ಟೇಪು ಬಿಚ್ಚಿದೆ. ಅಂಟು ಕರಗಿ ಬೆರಳಿಗೆ ಮೆತ್ತಿತು. ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಎಳೆಗಳು ಮುರಿದು ಉದುರುತ್ತಿದ್ದವು. ಟೇಪು ವೈರನ್ನು ಮುಚ್ಚುತ್ತದೆ ಅಷ್ಟೆ. ಬಿಗಿಯಾಗಿ ಹಿಡಿಯುವುದಿಲ್ಲ, ನೀರನ್ನೂ ತಡೆಯುವುದಿಲ್ಲ.

ಲೈಟು ಮಂಕಾದದ್ದೇಕೆ? 55 ವ್ಯಾಟ್ ಬಲ್ಬಿಗೆ ಸುಮಾರು 4.5 ಆಂಪಿಯರ್ ಕರೆಂಟ್ ಬೇಕು. ಕಿಲುಬು ಹಿಡಿದ ಗಂಟಿನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಸುಮಾರು 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಎಂಟು ವ್ಯಾಟಿನಷ್ಟು ಬಿಸಿ ಆ ಪುಟ್ಟ ಗಂಟಿನೊಳಗೇ ಹುಟ್ಟುತ್ತದೆ. ಟೇಪಿನ ಅಂಟು ಕರಗುವುದು ಆಶ್ಚರ್ಯವೇನಲ್ಲ.

ಕೆಲಸ ಶುರು ಮಾಡುವಾಗ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕಿಡಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಕಿಡಿ ಹಾರಬಹುದು. ಹಳದಿ ಹೊದಿಕೆಯ ವೈರುಗಳು ಕಡಿದಿದ್ದರೆ ಕೈ ಹಾಕಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಸರ್ವಿಸ್ ಸೆಂಟರಿನವರೇ ನೋಡಬೇಕು.

ಇನ್ನು ಕಡಿದ ತುದಿ. ಇಲಿ ಬಾಯಿ ಹಾಕಿದ ಜಾಗವನ್ನಷ್ಟೇ ಕತ್ತರಿಸಿದರೆ ಸಾಲದು. ತಾಮ್ರ ಹೊಸ ಬಿಂದಿಗೆಯ ಹಾಗೆ ಹೊಳೆಯುವವರೆಗೂ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಕಪ್ಪಾದ ತಾಮ್ರಕ್ಕೆ ಸೋಲ್ಡರ್ (ಕರಗಿಸಿ ಹಾಕುವ ಬೆಸುಗೆ) ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೂ, ಅಂದರೆ ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಒತ್ತಿದರೂ, ಒಳಗೊಳಗೇ ಕಿಲುಬು ಬೆಳೆಯುತ್ತದೆ. ಉದ್ದ ಸಾಲದಿದ್ದರೆ ಅದೇ ದಪ್ಪದ, ಆದಷ್ಟೂ ಅದೇ ಬಣ್ಣದ ಆಟೋ ವೈರಿನ ತುಂಡು ಸೇರಿಸಿ. ಮನೆ ವೈರಿಂಗಿನಲ್ಲಿ ಮಿಕ್ಕ ತುಂಡು ತಂದು ಹಾಕುವವರಿದ್ದಾರೆ. ಅದರ ಎಳೆಗಳು ದಪ್ಪ, ಬಾಗುವುದು ಕಡಿಮೆ. ಎಂಜಿನ್ನಿನ ನಡುಕಕ್ಕೂ ಬಿಸಿಗೂ ಅದು ಹೇಳಿ ಮಾಡಿಸಿದ್ದಲ್ಲ.

ಈಗ ಎಲ್ಲರೂ ಮರೆಯುವ ಹೆಜ್ಜೆ: ಕೂಡಿಸುವುದಕ್ಕೆ ಮೊದಲೇ ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ವೈರಿಗೆ ಪೋಣಿಸಿ ದೂರಕ್ಕೆ ಸರಿಸಿಡಿ. ಜಾಯಿಂಟ್ ಮುಗಿದ ಮೇಲೆ ತೂರಿಸಲು ದಾರಿಯೇ ಇರುವುದಿಲ್ಲ. ಒಳಗೆ ಅಂಟು ಇರುವ ಸ್ಲೀವನ್ನೇ ಕೇಳಿ ತನ್ನಿ. ಬೆಲೆ ಸ್ವಲ್ಪ ಜಾಸ್ತಿಯಾದರೂ ನೀರು ತಡೆಯುವುದು ಅದೇ.

ಕ್ರಿಂಪೋ ಸೋಲ್ಡರೋ ಎಂದು ಕೇಳಿದರೆ ನನ್ನ ಮತ ಕ್ರಿಂಪಿಗೆ. ಸೋಲ್ಡರ್ ಕರಗಿ ಎಳೆಗಳ ನಡುವೆ ಏರಿದಷ್ಟು ದೂರ ವೈರು ಕಡ್ಡಿಯಂತಾಗುತ್ತದೆ. ಆ ಗಟ್ಟಿ ಭಾಗ ಮುಗಿದು ಮೆತ್ತಗಿನದು ಶುರುವಾಗುವ ಕಡೆ, ಗಾಡಿ ಅದುರಿ ಅದುರಿ, ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಕ್ರಿಂಪಿಗೆ ಬೇಕಾದ್ದು ಬಟ್ ಕನೆಕ್ಟರ್, ಎರಡು ವೈರುಗಳ ತುದಿಯನ್ನು ಎರಡು ಕಡೆಯಿಂದ ತೂರಿಸುವ ಪುಟ್ಟ ಕೊಳವೆ. ಅದರ ಬಣ್ಣವೇ ಅಳತೆ ಹೇಳುತ್ತದೆ: ಕೆಂಪು 0.5ರಿಂದ 1.5 ಚದರ ಮಿಲಿಮೀಟರ್ ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಕನೆಕ್ಟರಿನ ಅರ್ಧದಷ್ಟು ಉದ್ದ ಹೊದಿಕೆ ಸುಲಿಯಿರಿ, ಒಂದು ಎಳೆಯೂ ತುಂಡಾಗಬಾರದು. ಎಳೆಗಳನ್ನು ಹಗುರಾಗಿ ಹೊಸೆದು ಒಳಗೆ ತೂರಿಸಿ, ರ‍್ಯಾಚೆಟ್ (ಪೂರ್ತಿ ಒತ್ತುವವರೆಗೂ ಬಾಯಿ ಬಿಡದ ಹಲ್ಲಿನ ಕಟ್ಟು) ಇರುವ ಕ್ರಿಂಪಿಂಗ್ ಇಕ್ಕಳದಿಂದ ಎರಡೂ ಕಡೆ ಒತ್ತಿ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದರೆ ಅದು ಕ್ರಿಂಪ್ ಆಗುವುದಿಲ್ಲ. ಒತ್ತಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಎಳೆದು ನೋಡಿ. ಬಿಟ್ಟರೆ ಈಗಲೇ ಬಿಡಲಿ, ರಾತ್ರಿ ರಸ್ತೆಯಲ್ಲಿ ಬೇಡ.

ಸೋಲ್ಡರೇ ಗತಿ ಎಂದಾದರೆ, ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ರೋಸಿನ್ (ರಾಳ) ಫ್ಲಕ್ಸ್ ಮಾತ್ರ ಆಗಿರಲಿ. ಆಸಿಡ್ ಫ್ಲಕ್ಸ್ ತಾಮ್ರವನ್ನೇ ತಿನ್ನುತ್ತದೆ.

ಸ್ಲೀವನ್ನು ಜಾಯಿಂಟಿನ ನಡುವೆ ತಂದು, ಎರಡೂ ಕಡೆ ಹಳೆಯ ಹೊದಿಕೆಯ ಮೇಲೆ ಒಂದೊಂದು ಸೆಂಟಿಮೀಟರಾದರೂ ಬರುವಂತೆ ಮಾಡಿ. ಹೀಟ್ ಗನ್ನಿನಿಂದ ನಡುವಿನಿಂದ ತುದಿಯ ಕಡೆಗೆ ಬಿಸಿ ಮಾಡಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ತುದಿಯಲ್ಲಿ ಅಂಟು ಸಣ್ಣ ಮಣಿಯಂತೆ ಉಕ್ಕಿದರೆ ಸ್ಲೀವ್ ಸರಿಯಾಗಿ ಕೂತಿದೆ. ಲೈಟರಿನ ಬೆಂಕಿ ಹಿಡಿದರೆ ಪಕ್ಕದ ವೈರು ಸುಡುತ್ತದೆ.

ಒಂದೇ ಕಟ್ಟಿನಲ್ಲಿ ನಾಲ್ಕು ವೈರು ಕಡಿದಿದ್ದರೆ ಜಾಯಿಂಟುಗಳು ಒಂದೇ ಕಡೆ ಬರಬಾರದು. ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ; ಕಟ್ಟು ಉಬ್ಬುವುದಿಲ್ಲ, ಒಂದರ ಸ್ಲೀವ್ ಸವೆದರೂ ಇನ್ನೊಂದಕ್ಕೆ ಶಾರ್ಟ್ ಆಗುವುದಿಲ್ಲ. ಹೆಣೆದುಕೊಂಡಂತೆ ಬರುವ ಜೋಡಿ ವೈರುಗಳಿದ್ದರೆ ಅವುಗಳ ಹೆಣಿಗೆ ಹಾಗೇ ಉಳಿಯಲಿ. ಕಾರಿನೊಳಗಿನ ಕಂಪ್ಯೂಟರಿನ ಸಂದೇಶ ಹೋಗುವುದು ಅವುಗಳಲ್ಲಿ. ಆಮೇಲೆ ಬಟ್ಟೆಯ ಟೇಪು ಸುತ್ತಿ, ಕಟ್ಟನ್ನು ಮೊದಲಿದ್ದ ಕ್ಲಿಪ್ಪಿಗೇ ಸಿಕ್ಕಿಸಿ.

ಮೈನಸ್ ಟರ್ಮಿನಲ್ ಹಾಕಿ, ಲೈಟು ಉರಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ, ಮೊದಲು ನಿಮ್ಮ ಜಾಯಿಂಟನ್ನೇ ಅನುಮಾನಿಸಿ. ಫ್ಯೂಸ್ ಹೋದರೆ 10 ಆಂಪಿಯರಿನ ಕೆಂಪು ಇದ್ದ ಕಡೆ 20ರ ಹಳದಿ ಹಾಕಿ ಕೆಲಸ ಮುಗಿಸಬೇಡಿ. ಆಗ ಸುಡುವುದು ವೈರು. ಕೊನೆಗೆ ಎಂಜಿನ್ ನಿಲ್ಲಿಸಿ, ಲೈಟು ಉರಿಯುತ್ತಿರುವಾಗಲೇ ಕಟ್ಟನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಾಡಿಸಿ. ಬೆಳಕು ಒಮ್ಮೆಯೂ ಮಿಣುಕದಿದ್ದರೆ ಬಾನೆಟ್ ಮುಚ್ಚಬಹುದು.